ರಕ್ತದ ಸಾಲಾವಳಿ

ಗಂಡು ಹೆಣ್ಣುಗಳ ಜಾತಕಗಳನ್ನು ಮುಂದಿಟ್ಟುಕೊಂಡು ಸಾಲಾವಳಿ ನೋಡುವ ಪದ್ಧತಿ ನಮ್ಮ ಮನೆಗಳಲ್ಲಿ ಹಳೆಯದು. ಮನೆತನ ಒಪ್ಪಿತು, ರೂಪ ಒಪ್ಪಿತು, ಹಿರಿಯರ ಮನಸ್ಸೂ ಒಪ್ಪಿತು. ಆದರೂ ಸಾಲಾವಳಿ ಕೂಡಿಬರಲಿಲ್ಲವೆಂದರೆ ಮಾತು ಅಲ್ಲಿಗೇ ನಿಲ್ಲುವುದುಂಟು. ಆ ಪದ್ಧತಿಯ ಗುಣದೋಷಗಳ ವಿಚಾರ ಈ ಸಂಜೆ ನಮಗೆ ಬೇಡ. ಆಸ್ಪತ್ರೆಗಳ ಪ್ರಯೋಗಶಾಲೆಗಳಲ್ಲಿ ಹಗಲಿರುಳೆನ್ನದೆ ನಡೆಯುವ ಇನ್ನೊಂದು ಬಗೆಯ ಸಾಲಾವಳಿಯುಂಟು. ಅಲ್ಲಿ ಪಂಚಾಂಗವಿಲ್ಲ, ಕವಡೆಯಿಲ್ಲ. ಒಂದು ಗಾಜಿನ ನಳಿಕೆ, ಅದರಲ್ಲಿ ಇಬ್ಬರು ಮನುಷ್ಯರ ರಕ್ತದ ಕೆಲವು ಹನಿ, ಅದನ್ನು ಬೆಳಕಿಗೆ ಹಿಡಿದು ನೋಡುವ ಎರಡು ಕಣ್ಣು. ಅಲ್ಲಿ ಕೂಡಲಿಲ್ಲವೆಂದರೆ ಸಂಬಂಧ ಮುರಿಯುವುದಲ್ಲ, ಒಂದು ಪ್ರಾಣ ಉಳಿಯುವುದು. ಈ ಸಾಲಾವಳಿಯನ್ನು ಕಂಡುಕೊಳ್ಳಲು ಮನುಷ್ಯರಿಗೆ ಸುಮಾರು ಮುನ್ನೂರು ವರ್ಷ ಹಿಡಿಯಿತು. ಆ ಕಥೆಯನ್ನು ನಾವು ಇಲ್ಲಿ ಹೇಳಬೇಕೆಂದಿದ್ದೇವೆ.

ರಕ್ತವು ದೇಹದಲ್ಲಿ ಸುತ್ತಿ ಸುತ್ತಿ ಹರಿಯುತ್ತದೆಯೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಗ್ರಂಥವೊಂದನ್ನು ಪ್ರಕಟಿಸಿ ತೋರಿಸಿದುದು ೧೬೨೮ರಲ್ಲಿ. ಹರಿಯುವ ವಸ್ತುವಾದರೆ ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹಾಯಿಸಬಹುದಲ್ಲವೆ ಎಂಬ ಆಲೋಚನೆ ಅದರ ಹಿಂದೆಯೇ ಹುಟ್ಟಿತು. ಆಕ್ಸ್‌ಫರ್ಡಿನಲ್ಲಿ ರಿಚರ್ಡ್ ಲೋವರನು ಒಂದು ನಾಯಿಯ ರಕ್ತವನ್ನು ಇನ್ನೊಂದು ನಾಯಿಗೆ ಹಾಯಿಸಿ ಅದನ್ನು ಬದುಕಿಸಿದನು. ಮನುಷ್ಯನ ಸರದಿ ಬಂದದ್ದು ಪ್ಯಾರಿಸ್ ನಗರದಲ್ಲಿ. ೧೬೬೭ನೆಯ ಇಸವಿ ಜೂನ್ ೧೫ರಂದು ಝಾನ್ ಬಪ್ತಿಸ್ತ್ ದೆನಿ ಎಂಬ ವೈದ್ಯನು, ಜ್ವರಕ್ಕೆಂದು ಹಲವು ಸಲ ರಕ್ತ ತೆಗೆಸಿಕೊಂಡು ಸೊರಗಿದ್ದ ಒಬ್ಬ ಹುಡುಗನಿಗೆ ಕುರಿಮರಿಯ ರಕ್ತವನ್ನು ಕೊಟ್ಟನು. ಹುಡುಗನು ಬದುಕಿದನು. ಅದೇ ವರ್ಷ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಆರ್ಥರ್ ಕೋಗ ಎಂಬುವನಿಗೆ ಇಪ್ಪತ್ತು ಷಿಲಿಂಗು ಕೊಟ್ಟು ಅವನ ಮೈಗೂ ಕುರಿಯ ರಕ್ತವನ್ನು ಹಾಯಿಸಿದರು. ಅವನೂ ಬದುಕಿದನು. ಇದು ಅದೃಷ್ಟವೆನ್ನುವುದಕ್ಕಿಂತ ಅಲ್ಪಪ್ರಮಾಣದ ಫಲವೆನ್ನಬೇಕು. ಒಳಗೆ ಹೋದ ರಕ್ತ ಕಡಮೆ, ಆದುದರಿಂದ ಆದ ಕೇಡೂ ಕಡಮೆ.

ಆ ಕಾಲದವರು ಪ್ರಾಣಿಯ ರಕ್ತವನ್ನೇ ಏಕೆ ಆರಿಸಿದರೆಂಬುದನ್ನು ನೋಡಬೇಕು. ರಕ್ತದಲ್ಲಿ ಸ್ವಭಾವ ನೆಲಸಿರುತ್ತದೆಯೆಂದು ಅವರ ನಂಬಿಕೆ. ಕುರಿ ಸಾಧು, ಕರು ಇನ್ನೂ ಸಾಧು. ಮದ್ಯ ಕ್ರೋಧಾದಿಗಳಿಂದ ಕೆಟ್ಟ ಮನುಷ್ಯರಕ್ತಕ್ಕಿಂತ ಇವುಗಳ ರಕ್ತವೇ ಶುದ್ಧವೆಂದು ಬಗೆದರು. ನಾವು ಇದನ್ನು ಕೇಳಿ ನಗಬಾರದು. ಸಾಧುವಾದವನನ್ನು ಹಸುವೆಂದು ಕರೆಯುವ ವಾಡಿಕೆ ನಮ್ಮಲ್ಲಿಯೂ ಇದೆಯಷ್ಟೆ. ಈ ನಂಬಿಕೆಯಿಂದಲೇ ದೆನಿಯು ಆ ವರ್ಷದ ಡಿಸೆಂಬರಿನಲ್ಲಿ ಆಂತ್ವಾನ್ ಮೊರುವಾ ಎಂಬ ಬುದ್ಧಿಭ್ರಮಣೆಯ ರೋಗಿಗೆ, ಅವನ ಉದ್ರೇಕ ಶಮನವಾಗಲೆಂದು, ಕರುವಿನ ರಕ್ತವನ್ನು ಕೊಟ್ಟನು. ಮೊದಲ ಸಲ ವಿಶೇಷವೇನೂ ಆಗಲಿಲ್ಲ. ಎರಡನೆಯ ಸಲ ಹೆಚ್ಚು ಕೊಡಲು, ರೋಗಿಯ ತೋಳು ಬಿಸಿಯಾಯಿತು, ನಾಡಿ ಏರಿತು, ಮುಖ ಬೆವರಿತು, ಸೊಂಟದಲ್ಲಿ ವಿಪರೀತ ನೋವೆಂದು ಅವನು ಕೂಗಿದನು, ವಾಂತಿಯಾಯಿತು. ಮಾರನೆಯ ದಿನ ಅವನ ಮೂತ್ರವು ಹೊಗೆಮಸಿ ಕಲಸಿದಂತೆ ಕಪ್ಪಾಗಿದ್ದಿತು. ದೆನಿಯು ಇದನ್ನೆಲ್ಲ ಪ್ರಾಮಾಣಿಕವಾಗಿ ಬರೆದಿಟ್ಟನು; ಆದರೆ ಆ ಕಪ್ಪು ರೋಗಿಯ ದೇಹದಿಂದ ಹೊರಬಿದ್ದ ದುಷ್ಟಪಿತ್ತವೆಂದು ತಿಳಿದು ಸಂತೋಷಪಟ್ಟನು.

ಅದು ಪಿತ್ತವಲ್ಲ. ಇಂದಿನ ಯಾವ ವೈದ್ಯನು ಆ ವರ್ಣನೆಯನ್ನು ಓದಿದರೂ ಅರೆಕ್ಷಣದಲ್ಲಿ ಗುರುತಿಸುವನು. ಹೊಂದದ ರಕ್ತವು ನಾಳವನ್ನು ಸೇರಿದೊಡನೆ, ರೋಗಿಯ ರಕ್ತದ ನೀರಿನಲ್ಲಿರುವ ಪ್ರತಿವಸ್ತುಗಳು ಬಂದ ಕೆಂಪು ಕಣಗಳ ಮೇಲೆ ಬಿದ್ದು ಅವುಗಳನ್ನು ಒಡೆಯುತ್ತವೆ. ಕಣಗಳೊಳಗಿನ ಕೆಂಪು ವಸ್ತು, ಹೀಮೋಗ್ಲೋಬಿನ್, ಚೆಲ್ಲಿಹೋಗಿ ಮೂತ್ರಪಿಂಡಗಳಿಗೆ ನುಗ್ಗುತ್ತದೆ. ಚಳಿ, ಎದೆಬಿಗಿತ, ಸೊಂಟನೋವು, ಕಪ್ಪು ಮೂತ್ರ, ಕೊನೆಗೆ ಮೂತ್ರವೇ ನಿಂತುಹೋಗುವುದು: ಇವು ಕ್ರಮವಾಗಿ ಬರತಕ್ಕ ಲಕ್ಷಣಗಳು. ದೆನಿಯ ಬರಹದಲ್ಲಿ ಈ ದುರಂತದ ಮೊತ್ತಮೊದಲ ಚಿತ್ರಗಳಲ್ಲೊಂದು ನಮಗೆ ದೊರಕಿದೆ. ಬರೆದವನಿಗೆ ಮಾತ್ರ ಅದರ ಅರ್ಥ ತಿಳಿಯಲಿಲ್ಲ. ಮುಂದೆ ಮೊರುವಾ ಸತ್ತನು. ಮೊಕದ್ದಮೆ ನಡೆದು, ಹೆಂಡತಿಯೇ ಅವನಿಗೆ ಪಾಷಾಣ ಹಾಕಿದ್ದಳೆಂದು ಹೊರಬಿದ್ದು, ೧೬೬೮ರಲ್ಲಿ ದೆನಿ ನಿರ್ದೋಷಿಯೆನಿಸಿದನು. ಆದರೆ ಪ್ಯಾರಿಸಿನ ವೈದ್ಯಮಂಡಲಿಯ ಒಪ್ಪಿಗೆಯಿಲ್ಲದೆ ಇಂಥ ಚಿಕಿತ್ಸೆ ಕೂಡದೆಂದು ನ್ಯಾಯಸ್ಥಾನವು ವಿಧಿಸಿತು. ಆ ಮಂಡಲಿಯು ಅದನ್ನು ಮೊದಲಿನಿಂದಲೂ ವಿರೋಧಿಸುತ್ತಿತ್ತು. ವಿದ್ಯೆ ಅಲ್ಲಿಗೆ ನಿಂತಿತು. ನೂರೈವತ್ತು ವರ್ಷ ನಿಂತಿತು.

ಮತ್ತೆ ಅದನ್ನು ಎತ್ತಿಕೊಂಡವನು ಲಂಡನ್ನಿನ ಜೇಮ್ಸ್ ಬ್ಲಂಡೆಲ್. ಅವನು ಪ್ರಸೂತಿಶಾಸ್ತ್ರದ ವೈದ್ಯ. ಹೆರಿಗೆಯಾದ ಹೆಂಗಸು ರಕ್ತ ಹರಿದು ಹರಿದು ಕಣ್ಣೆದುರಿಗೇ ಬಿಳಿಚಿ ಸಾಯುವುದನ್ನು ನೋಡುತ್ತ ಕೈಕಟ್ಟಿ ನಿಲ್ಲಬೇಕಾದ ಸಂಕಟ ಅವನನ್ನು ಈ ಕೆಲಸಕ್ಕೆ ಹಚ್ಚಿತು. ನಾಯಿಗಳ ಮೇಲೆ ಪ್ರಯೋಗ ಮಾಡಿ, ಒಂದು ಜಾತಿಯ ಪ್ರಾಣಿಗೆ ಅದೇ ಜಾತಿಯ ರಕ್ತವೇ ಆಗಬೇಕು, ಮನುಷ್ಯನಿಗೆ ಮನುಷ್ಯನದೇ ಸರಿ ಎಂದು ನಿರ್ಣಯಿಸಿದನು. ೧೮೧೮ರಲ್ಲಿ ಮನುಷ್ಯರಕ್ತವನ್ನು ಮನುಷ್ಯನಿಗೆ ಕೊಟ್ಟನು; ಆ ರೋಗಿ ಉಳಿಯಲಿಲ್ಲ. ೧೮೨೯ರಲ್ಲಿ ಬಾಣಂತಿಯೊಬ್ಬಳನ್ನು ಉಳಿಸಿದ ವೃತ್ತಾಂತವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಒಟ್ಟು ಹತ್ತು ಸಲ ಮಾಡಿ ಅರ್ಧದಷ್ಟು ಗೆದ್ದನೆಂದು ಲೆಕ್ಕ.

ಅರ್ಧ ಗೆಲುವೆಂಬುದೇ ಮೋಸದ ಮೂಲವಾಯಿತು. ಯೂರೋಪಿನ ಜನರಲ್ಲಿ ಕಣ್ಣುಮುಚ್ಚಿ ಇಬ್ಬರನ್ನು ಆರಿಸಿ ಒಬ್ಬನ ರಕ್ತವನ್ನು ಇನ್ನೊಬ್ಬನಿಗೆ ಕೊಟ್ಟರೂ, ಮೂರು ಸಲಕ್ಕೆ ಸುಮಾರು ಎರಡು ಸಲ ಮುಖ್ಯ ಗುಂಪುಗಳ ವಿಷಯದಲ್ಲಿ ಹೊಂದಿಕೆ ಕೂಡಿಬರುತ್ತದೆ. ಯಾವಾಗಲೂ ಕೊಲ್ಲುವ ಔಷಧವನ್ನು ಜನ ಬೇಗ ಬಿಡುತ್ತಾರೆ. ಮೂರರಲ್ಲಿ ಒಂದು ಸಲ ಕೆಡುಕು ಮಾಡುವ ಔಷಧಕ್ಕೆ ಎಷ್ಟು ಬೇಕಾದರೂ ಸಮಾಧಾನ ಹೇಳಿಕೊಳ್ಳಬಹುದು. ರೋಗಿ ಮೊದಲೇ ಕೈಮೀರಿದ್ದ, ರಕ್ತ ಹೆಪ್ಪುಗಟ್ಟಿತು, ಗಾಳಿ ಹೊಕ್ಕಿತು, ಎಂದು ಮುಂತಾಗಿ. ಬೇಸತ್ತ ಕೆಲವರು ೧೮೭೦ರ ದಶಕದಲ್ಲಿ ಅಮೆರಿಕದಲ್ಲಿ ರಕ್ತಕ್ಕೆ ಬದಲಾಗಿ ಹಾಲನ್ನೇ ನಾಳಕ್ಕೆ ಹಾಯಿಸಿದರೆಂದರೆ ಶ್ರೋತೃಗಳು ನಂಬಲಾರರು. ಆದರೂ ಅದು ನಡೆದ ಸಂಗತಿ. ಜರ್ಮನಿಯ ಲಾಂಡೊಯ್ಸ್ ಎಂಬ ಪಂಡಿತನು ೧೮೭೫ರಲ್ಲಿ ಒಂದು ಜಾತಿಯ ಪ್ರಾಣಿಯ ಕಣಗಳನ್ನು ಇನ್ನೊಂದರ ರಕ್ತದ ನೀರಿನಲ್ಲಿ ಕಲಸಿ, ಅವು ಮುದ್ದೆಗಟ್ಟುವುದನ್ನೂ ಒಡೆಯುವುದನ್ನೂ ಗಾಜಿನ ಪಾತ್ರೆಯಲ್ಲಿಯೇ ತೋರಿಸಿದನು. ದೇಹದೊಳಗೆ ಆಗುವ ಅನಾಹುತವನ್ನು ಹೊರಗೆ, ಮುಂಚಿತವಾಗಿ, ಯಾರಿಗೂ ನೋವಿಲ್ಲದೆ ನೋಡಬಹುದೆಂಬ ಸೂಚನೆ ಅದರಲ್ಲಿದ್ದಿತು. ಆದರೆ ಮನುಷ್ಯ ಮನುಷ್ಯರಲ್ಲಿಯೇ ಇಂಥ ವ್ಯತ್ಯಾಸವಿರಬಹುದೆಂದು ಯಾರಿಗೂ ತೋರಲಿಲ್ಲ.

ತೋರಿದ್ದು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರನಿಗೆ. ಅವನು ರೋಗಿಗಳ ಹಾಸಿಗೆಯ ಬಳಿ ಕೆಲಸಮಾಡಿದವನಲ್ಲ, ಶವಪರೀಕ್ಷೆಯ ಶಾಲೆಯಲ್ಲಿದ್ದವನು. ೧೯೦೧ರಲ್ಲಿ ಅವನು ಪ್ರಕಟಿಸಿದ ಲೇಖನ ಕೆಲವೇ ಪುಟಗಳದು. ತನ್ನದೂ ತನ್ನ ಜೊತೆಗಾರರದೂ ಸೇರಿ ಆರು ಮಂದಿಯ ರಕ್ತವನ್ನು ಮೊದಲು ತೆಗೆದುಕೊಂಡನು. ಪ್ರತಿಯೊಂದನ್ನೂ ಹೆಪ್ಪುಗಟ್ಟಲು ಬಿಟ್ಟರೆ ಮೇಲೆ ತಿಳಿಹಳದಿಯ ನೀರು, ಸೀರಂ, ನಿಲ್ಲುತ್ತದೆ. ಕೆಂಪು ಕಣಗಳನ್ನು ಬೇರೆಯಾಗಿ ಉಪ್ಪುನೀರಿನಲ್ಲಿ ತೇಲಿಸಿಟ್ಟುಕೊಳ್ಳಬಹುದು. ಆಮೇಲೆ ಪ್ರತಿಯೊಬ್ಬನ ಸೀರಮ್ಮನ್ನೂ ಪ್ರತಿಯೊಬ್ಬನ ಕಣಗಳೊಂದಿಗೆ ಕಲಸಿದನು. ಆರಾರಲಿ ಮೂವತ್ತಾರು ಮಿಶ್ರಣ. ಕೆಲವು ಮಿಶ್ರಣಗಳು ಸಮವಾಗಿ ಕೆಂಪಗೇ ಉಳಿದವು. ಕೆಲವು, ಹಾಲಿಗೆ ಹುಳಿ ಹಿಂಡಿದಂತೆ, ಒಡೆದು ಚೂರುಚೂರಾಗಿ ಮುದ್ದೆಗಟ್ಟಿದವು. ಯಾರ ಸೀರಮ್ಮೂ ತನ್ನ ಸ್ವಂತ ಕಣಗಳನ್ನು ಮುದ್ದೆಗಟ್ಟಿಸಲಿಲ್ಲ. ಇಪ್ಪತ್ತೆರಡು ಜನರ ರಕ್ತವನ್ನು ಹೀಗೆ ನೋಡಿ, ಮನುಷ್ಯರು ಮೂರು ಗುಂಪಾಗಿ ನಿಲ್ಲುತ್ತಾರೆಂದು ಕಂಡನು. ಅವುಗಳನ್ನು ಎ, ಬಿ, ಸಿ ಎಂದು ಕರೆದನು. ಸಿ ಎಂಬುದೇ ಈಗಿನ ಓ. ಮರುವರ್ಷ ಡೆಕಾಸ್ಟೆಲ್ಲೊ, ಸ್ಟುರ್ಲಿ ಎಂಬಿಬ್ಬರು ಇನ್ನೂ ಹೆಚ್ಚು ಜನರನ್ನು ಪರೀಕ್ಷಿಸಿ, ಅಪೂರ್ವವಾದ ನಾಲ್ಕನೆಯ ಬಗೆಯನ್ನು, ಈಗಿನ ಎಬಿಯನ್ನು, ಕಂಡರು.

ಇದರ ಒಳಗುಟ್ಟು ಇಷ್ಟೆ. ಎ ಗುಂಪಿನವನ ಕಣಗಳ ಮೈಮೇಲೆ ಎ ಎಂಬ ಗುರುತು. ಅವನ ಸೀರಮ್ಮಿನಲ್ಲಿ ಬಿ ಗುರುತಿನ ವೈರಿ. ಬಿ ಗುಂಪಿನವನಲ್ಲಿ ಇದರ ತಿರುವು. ಎಬಿಯವನಲ್ಲಿ ಗುರುತು ಎರಡೂ ಉಂಟು, ವೈರಿ ಯಾವುದೂ ಇಲ್ಲ. ಓ ಗುಂಪಿನವನಲ್ಲಿ ಗುರುತು ಎರಡೂ ಇಲ್ಲ, ವೈರಿಗಳು ಎರಡೂ ಉಂಟು. ಇದರಲ್ಲಿ ರೂಪ, ಕುಲ, ಸ್ವಭಾವ, ಸ್ನೇಹ ಯಾವುದಕ್ಕೂ ಎಡೆಯಿಲ್ಲ. ಬೆನ್ನಿಗೆ ಬಿದ್ದ ತಮ್ಮನ ರಕ್ತ ಅಣ್ಣನಿಗೆ ವಿಷವಾಗಬಹುದು. ದಾರಿಹೋಕನ ರಕ್ತ ಅಮೃತವಾಗಬಹುದು. ಒಡಹುಟ್ಟಿದವರು ರಕ್ತ ಹಂಚಿಕೊಂಡು ಹುಟ್ಟಿದವರೆಂಬ ನಮ್ಮ ಮಾತು ಪ್ರೀತಿಯ ಮಾತು. ಪ್ರಯೋಗಶಾಲೆಯಲ್ಲಿ ಅದನ್ನು ಒಂದೊಂದು ಸಲವೂ ಪರೀಕ್ಷಿಸಿಯೇ ಒಪ್ಪಬೇಕು.

ರಕ್ತಪೂರಣದ ಫಲ ಒಮ್ಮೊಮ್ಮೆ ಒಂದೊಂದು ತೆರನಾಗುವುದಕ್ಕೆ ಇದು ಕಾರಣವಾಗಿರಬಹುದೆಂದು ಲ್ಯಾಂಡ್‌ಸ್ಟೈನರನು ಲೇಖನದ ಕೊನೆಯಲ್ಲಿ ಸೂಚಿಸಿದ್ದನು. ಅದನ್ನು ಓದಿ ಆಸ್ಪತ್ರೆಗಳು ಎಚ್ಚೆತ್ತವೆಂದು ನೀವು ಊಹಿಸಿದರೆ ತಪ್ಪು. ಆರು ವರ್ಷ ಕಳೆದ ಮೇಲೆ, ೧೯೦೭ರಲ್ಲಿ, ನ್ಯೂಯಾರ್ಕಿನಲ್ಲಿ ರೂಬೆನ್ ಆಟೆನ್‌ಬರ್ಗ್ ಎಂಬ ಎಳೆಯ ವೈದ್ಯನು, ರಕ್ತ ಕೊಡುವವನ ಕಣಗಳನ್ನು ರೋಗಿಯ ಸೀರಮ್ಮಿನಲ್ಲಿಯೂ, ರೋಗಿಯ ಕಣಗಳನ್ನು ಕೊಡುವವನ ಸೀರಮ್ಮಿನಲ್ಲಿಯೂ ಕಲಸಿ ನೋಡಿ ಆಮೇಲೆ ರಕ್ತ ಕೊಟ್ಟನು. ಈಗ ಕ್ರಾಸ್‌ಮ್ಯಾಚ್ ಎಂದು ಎಲ್ಲೆಲ್ಲಿಯೂ ಕರೆಯುವ ಪರೀಕ್ಷೆ ಇದೇ. ಎರಡರಲ್ಲಿ ಮೊದಲನೆಯದೇ ಮುಖ್ಯವೆಂಬುದನ್ನೂ ಅವನೇ ಮನಗಂಡನು: ಕೊಡುವವನ ಸೀರಂ ರೋಗಿಯ ಮೈಯಲ್ಲಿ ಬೆರೆತು ತೆಳುವಾಗಿಹೋಗುತ್ತದೆ, ರೋಗಿಯ ಸೀರಮ್ಮಾದರೋ ಇಡೀ ದೇಹದಲ್ಲಿ ತುಂಬಿಕೊಂಡು ಅತಿಥಿಯ ಕಣಗಳಿಗಾಗಿ ಕಾದಿರುತ್ತದೆ. ೧೯೧೩ರಲ್ಲಿ ಅವನು ತನ್ನ ಜೊತೆಗಾರನೊಡನೆ ನೂರಿಪ್ಪತ್ತೆಂಟು ರಕ್ತಪೂರಣಗಳ ಅನುಭವವನ್ನು ಪ್ರಕಟಿಸಿ, ಮುಂಚಿತವಾದ ಪರೀಕ್ಷೆಯಿಂದ ಅಪಘಾತಗಳನ್ನು ತಡೆಯಬಹುದೆಂದು ತೋರಿಸಿದನು.

ಆದರೂ ಅನೇಕ ಶಸ್ತ್ರವೈದ್ಯರು ಕಿವಿಗೊಡಲಿಲ್ಲ. ಅವರ ಕಣ್ಣು ಬೇರೊಂದು ಅದ್ಭುತದ ಮೇಲಿದ್ದಿತು. ೧೯೦೮ರಲ್ಲಿ ಅಲೆಕ್ಸಿ ಕ್ಯಾರೆಲನು, ರಕ್ತಸ್ರಾವದಿಂದ ಸಾಯುತ್ತಿದ್ದ ಕೆಲವು ದಿನಗಳ ಕೂಸಿನ ನಾಳಕ್ಕೆ ತಂದೆಯ ತೋಳಿನ ನಾಳವನ್ನು ಹೊಲಿದು, ಬಿಳಿಚಿದ್ದ ಕೂಸು ಕೆಂಪೇರುವುದನ್ನು ತೋರಿಸಿದನು. ಯಾವ ಪರೀಕ್ಷೆಯನ್ನೂ ಮಾಡಿರಲಿಲ್ಲ, ಕೂಸು ಬದುಕಿತು. ಇಂಥದನ್ನು ಕಂಡವರಿಗೆ ಗಾಜಿನ ನಳಿಕೆಯಲ್ಲಿ ಹನಿ ಕಲಸುತ್ತ ಕೂಡುವ ವ್ಯವಧಾನವೆಲ್ಲಿ ಬರಬೇಕು? ಆ ವ್ಯವಧಾನವನ್ನು ತಂದುಕೊಟ್ಟದ್ದು ಒಂದು ಉಪ್ಪು. ಸೋಡಿಯಂ ಸಿಟ್ರೇಟ್ ಸೇರಿಸಿದ ರಕ್ತ ಹೆಪ್ಪುಗಟ್ಟುವುದಿಲ್ಲವೆಂಬುದನ್ನು ಉಪಯೋಗಿಸಿ ೧೯೧೪ರಲ್ಲಿ ಬ್ರಸೆಲ್ಸಿನ ಹುಸ್ಟಿನ್, ಬ್ಯೂನಸ್ ಐರಿಸಿನ ಅಗೋಟೆ, ೧೯೧೫ರಲ್ಲಿ ನ್ಯೂಯಾರ್ಕಿನ ಲೆವಿಸೋನ್, ರಕ್ತವನ್ನು ಸೀಸೆಯಲ್ಲಿ ಹಿಡಿದು ಕೊಡುವುದನ್ನು ಸಾಧ್ಯಮಾಡಿದರು. ೧೯೧೭ರಲ್ಲಿ ರಾಬರ್ಟ್‌ಸನ್ ಎಂಬ ಸೇನಾವೈದ್ಯನು ಫ್ರಾನ್ಸಿನ ರಣಭೂಮಿಯಲ್ಲಿ ಓ ಗುಂಪಿನ ರಕ್ತವನ್ನು ಸೀಸೆಗಳಲ್ಲಿ ತಂಪಾಗಿ ಕೂಡಿಟ್ಟು ಗಾಯಾಳುಗಳಿಗೆ ಕೊಟ್ಟನು. ಕೊಡುವವನೂ ಕೊಳ್ಳುವವನೂ ಒಂದೇ ಮಂಚಕ್ಕೆ ಅಂಟಿಕೊಂಡಿರಬೇಕಾದ ಅಗತ್ಯ ತಪ್ಪಿತು. ಪರೀಕ್ಷೆಗೆ ಕಾಲ ಸಿಕ್ಕಿತು. ಅದರೊಡನೆಯೇ ಇನ್ನೊಂದು ತೊಡಕೂ ಹುಟ್ಟಿತು. ಮನುಷ್ಯನಿಂದ ಬೇರೆಯಾದ ರಕ್ತಕ್ಕೆ ಹೆಸರು ಬರೆದ ಚೀಟಿ ಬೇಕಾಯಿತು.

ಚೀಟಿಯ ಮೇಲೆ ಏನು ಬರೆಯಬೇಕೆಂಬುದರಲ್ಲಿಯೇ ಒಂದು ಅವಿವೇಕ ನಡೆದುಹೋಯಿತು. ಬೊಹೀಮಿಯದ ಯಾನ್ಸ್ಕಿ ೧೯೦೭ರಲ್ಲಿ ಗುಂಪುಗಳಿಗೆ ಒಂದರಿಂದ ನಾಲ್ಕರವರೆಗೆ ಅಂಕೆ ಕೊಟ್ಟನು. ಅಮೆರಿಕದ ಮಾಸ್ ೧೯೧೦ರಲ್ಲಿ ಅವನನ್ನು ಅರಿಯದೆ ತಾನೂ ಅಂಕೆ ಕೊಟ್ಟನು. ಒಬ್ಬನ ಒಂದು ಇನ್ನೊಬ್ಬನ ನಾಲ್ಕು. ಒಬ್ಬನ ನಾಲ್ಕು ಇನ್ನೊಬ್ಬನ ಒಂದು. ಒಂದು ಊರಿನಲ್ಲಿ ಎಲ್ಲರಿಗೂ ಸಲ್ಲುವ ಓ ರಕ್ತದ ಅಂಕೆ ಇನ್ನೊಂದು ಊರಿನಲ್ಲಿ, ತನ್ನವರಿಗಲ್ಲದೆ ಯಾರಿಗೂ ಸಲ್ಲದ ಎಬಿಯ ಅಂಕೆ! ೧೯೨೭ರಲ್ಲಿ ಲ್ಯಾಂಡ್‌ಸ್ಟೈನರನೇ ಅಕ್ಷರಗಳನ್ನು ಬಳಸಿರೆಂದು ಸಲಹೆಯಿತ್ತನು. ಈ ಗೊಂದಲ ತೀರಲು ಆಮೇಲೂ ಕೆಲವು ವರ್ಷ ಹಿಡಿದವು.

ಮೊದಲ ಮಹಾಯುದ್ಧದ ಕಾಲದ ಒಂದು ಸಂಗತಿ ನಮ್ಮ ನಾಡಿಗೂ ತಗಲುವುದರಿಂದ ಅದನ್ನು ಬಿಡಲಾಗದು. ಸಲೋನಿಕಾ ರಣರಂಗದಲ್ಲಿ ನಾನಾ ದೇಶದ ಪಡೆಗಳು ಬೀಡುಬಿಟ್ಟಿದ್ದಾಗ ಲುಡ್ವಿಕ್ ಮತ್ತು ಹಾನಾ ಹಿರ್ಷ್‌ಫೆಲ್ಡ್ ಎಂಬ ವೈದ್ಯ ದಂಪತಿಗಳು ಸುಮಾರು ಎಂಟು ಸಾವಿರ ಜನರ ರಕ್ತವನ್ನು ಪರೀಕ್ಷಿಸಿ ೧೯೧೯ರಲ್ಲಿ ಫಲವನ್ನು ಪ್ರಕಟಿಸಿದರು. ಅವರಲ್ಲಿ ಸಾವಿರ ಮಂದಿ ಹಿಂದೂಸ್ಥಾನದ ಸಿಪಾಯಿಗಳು. ಯೂರೋಪಿನವರಲ್ಲಿ ಎ ಹೆಚ್ಚು, ಬಿ ವಿರಳ. ನಮ್ಮ ಸಿಪಾಯಿಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಬಿ. ಇದರ ಮೇಲೆ ಬಿ ಗುಂಪಿನ ತೊಟ್ಟಿಲು ಹಿಂದೂಸ್ಥಾನವೇ ಎಂದು ದೊಡ್ಡ ಸಿದ್ಧಾಂತ ಕಟ್ಟಿದರು, ಅದು ನಿಲ್ಲಲಿಲ್ಲ. ನಿಂತದ್ದು ಅಂಕಿ ಮಾತ್ರ.

ಹೀಗೆ ೧೯೩೦ರಲ್ಲಿ ಲ್ಯಾಂಡ್‌ಸ್ಟೈನರನಿಗೆ ನೊಬೆಲ್ ಬಹುಮಾನ ಬಂದಾಗ ವಿಷಯ ಮುಗಿಯಿತೆಂದೇ ಅನೇಕರು ಭಾವಿಸಿದರು. ಮುಗಿದಿರಲಿಲ್ಲ. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಒಬ್ಬಾಕೆಗೆ ಸತ್ತ ಮಗು ಹುಟ್ಟಿತು, ರಕ್ತಸ್ರಾವವಾಯಿತು, ಗಂಡನ ರಕ್ತವನ್ನು ಕೊಟ್ಟರು. ಇಬ್ಬರದೂ ಓ. ಆದರೂ ಆಕೆಗೆ ಚಳಿ, ನೋವು, ಕೆಂಪು ಮೂತ್ರ, ಎಲ್ಲವೂ ಬಂದವು. ಫಿಲಿಪ್ ಲೆವಿನನು ಆಕೆಯ ಸೀರಮ್ಮನ್ನು ಗುಂಪು ಹೊಂದುವ ನೂರನಾಲ್ಕು ಜನರ ಕಣಗಳೊಡನೆ ಕಲಸಲು ಎಂಬತ್ತು ಮುದ್ದೆಗಟ್ಟಿದವು. ಗರ್ಭದಲ್ಲಿದ್ದ ಶಿಶು ತಂದೆಯಿಂದ ಪಡೆದಿದ್ದ ಯಾವುದೋ ಗುರುತು ತಾಯಿಯಲ್ಲಿಲ್ಲ. ಅದರ ವಿರುದ್ಧ ಆಕೆಯ ದೇಹ ಆಯುಧ ಮಸೆದಿದೆ. ಅದೇ ಆಯುಧ ಈಗ ಗಂಡನ ರಕ್ತದ ಮೇಲೆ ತಿರುಗಿದೆ ಎಂದು ಅವನು ೧೯೩೯ರಲ್ಲಿ ಸ್ಟೆಟ್ಸನ್ನನೊಡನೆ ಬರೆದನು. ಅದಕ್ಕೆ ಹೆಸರಿಡಲು ಮಾತ್ರ ಮರೆತನು. ಮರುವರ್ಷ ಲ್ಯಾಂಡ್‌ಸ್ಟೈನರನೂ ವೀನರನೂ ರೀಸಸ್ ಕೋತಿಯ ರಕ್ತದ ಸಹಾಯದಿಂದ ಕಂಡ ಗುರುತು ಇದೇ ಎಂದು ಎಣಿಸಿದರು. ಆರ್‌ಎಚ್ ಎಂಬ ಹೆಸರು ಹಾಗೆ ಬಂದಿತು. ಈ ಗುರುತಿಲ್ಲದವರು ಯೂರೋಪಿನಲ್ಲಿ ನೂರಕ್ಕೆ ಹದಿನೈದು, ನಮ್ಮಲ್ಲಿ ಐದರ ಆಸುಪಾಸು.

ಈ ಹೊಸ ವೈರಿಗೆ ಒಂದು ಕಪಟವಿದ್ದಿತು. ಅದು ಅನೇಕ ವೇಳೆ ಕಣಕ್ಕೆ ಅಂಟಿಕೊಳ್ಳುತ್ತದೆ, ಆದರೆ ಮುದ್ದೆಗಟ್ಟಿಸುವುದಿಲ್ಲ. ನಳಿಕೆಯಲ್ಲಿ ನೋಡಿದರೆ ಎಲ್ಲವೂ ಶಾಂತ. ದೇಹದೊಳಗೆ ಹೋದರೆ ಅನಾಹುತ. ಈ ಗುಟ್ಟನ್ನು ಹೊರಗೆಳೆದವನು ಕೇಂಬ್ರಿಜ್ಜಿನ ರಾಬಿನ್ ಕೂಂಬ್ಸ್, ಪಶುವೈದ್ಯ ಓದಿದ ತರುಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೀಪ ಮಂಕಾಗಿದ್ದ ರೈಲಿನಲ್ಲಿ ಲಂಡನ್ನಿನಿಂದ ಊರಿಗೆ ಹಿಂದಿರುಗುವಾಗ ಉಪಾಯ ಹೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಎರಡು ದಡಗಳಲ್ಲಿ ಇಬ್ಬರು ನಿಂತು ಕೈಚಾಚಿದ್ದಾರೆ, ಕೈಗಳು ಮುಟ್ಟವು. ನಡುವೆ ಮೂರನೆಯವನು ನಿಂತು ಇಬ್ಬರ ಕೈಯನ್ನೂ ಹಿಡಿದರೆ? ಪ್ರತಿವಸ್ತುವೆಂಬುದು ಒಂದು ಬಗೆಯ ಗ್ಲಾಬುಲಿನ್. ಮನುಷ್ಯನ ಗ್ಲಾಬುಲಿನ್ನನ್ನು ಮೊಲಕ್ಕೆ ಚುಚ್ಚಿದರೆ ಮೊಲದ ಸೀರಂ ಅದನ್ನು ಹಿಡಿಯುವ ಗುಣ ಪಡೆಯುತ್ತದೆ. ಆ ಸೀರಮ್ಮಿನ ಹನಿಯನ್ನು ಸೇರಿಸಿದರೆ, ಗುಟ್ಟಾಗಿ ಅಂಟಿಕೊಂಡಿದ್ದ ಪ್ರತಿವಸ್ತುಗಳು ಒಂದನ್ನೊಂದು ಕೂಡಿ ಕಣಗಳು ಮುದ್ದೆಗಟ್ಟುತ್ತವೆ. ೧೯೪೫ರಲ್ಲಿ ಮೌರಾಂಟ್, ರೇಸ್ ಎಂಬುವರೊಡನೆ ಅವನು ಇದನ್ನು ಪ್ರಕಟಿಸಿದನು. ಇದೇ ತತ್ತ್ವವನ್ನು ಇಟಲಿಯ ಮೊರೆಸ್ಕಿ ೧೯೦೮ರಲ್ಲಿಯೇ ಬರೆದಿದ್ದನೆಂಬುದು ಆಮೇಲೆ ಬೆಳಕಿಗೆ ಬಂದಿತು. ಪುಸ್ತಕಭಂಡಾರದಲ್ಲಿ ಮಲಗಿರುವ ವಿದ್ಯೆಗೆ ಇದೊಂದು ನಿದರ್ಶನ.

ಈ ಪರೀಕ್ಷೆಯಲ್ಲಿ ಕೈಕೆಲಸದ ಶುಚಿಯೇ ಪ್ರಾಣ. ಮೊಲದ ಸೀರಂ ಹಾಕುವ ಮುಂಚೆ ಕಣಗಳನ್ನು ಉಪ್ಪುನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕು. ಸರಿಯಾಗಿ ತೊಳೆಯದೆ ಬಿಡಿಯಾದ ಗ್ಲಾಬುಲಿನ್ ತುಸು ಉಳಿದರೂ, ಹಾಕಿದ ಸೀರಮ್ಮನ್ನೆಲ್ಲ ಅದೇ ನುಂಗಿ, ಹೊಂದದ ರಕ್ತ ಹೊಂದಿತೆಂದು ಸುಳ್ಳುಸಾಕ್ಷಿ ಹೇಳುತ್ತದೆ. ಆದುದರಿಂದ ಮುದ್ದೆಗಟ್ಟದ ನಳಿಕೆಗೆ, ಖಂಡಿತವಾಗಿ ಮುದ್ದೆಗಟ್ಟತಕ್ಕ ಕಣಗಳನ್ನು ಕೊನೆಯಲ್ಲಿ ಬೇಕೆಂದೇ ಹಾಕಿ ನೋಡುತ್ತಾರೆ. ಆಗಲೂ ಮುದ್ದೆಗಟ್ಟದಿದ್ದರೆ ಪರೀಕ್ಷೆಯೇ ಕೆಟ್ಟಿತೆಂದು ಮೊದಲಿನಿಂದ ತೊಡಗಬೇಕು. ಸಾಕ್ಷಿಯನ್ನೂ ಪರೀಕ್ಷಿಸುವ ಈ ಪದ್ಧತಿ ನಮ್ಮ ನ್ಯಾಯಸ್ಥಾನಗಳಿಗೂ ಇದ್ದಿದ್ದರೆ ಚೆನ್ನಾಗಿತ್ತು.

ನಮ್ಮ ದೇಶದಲ್ಲಿ ೧೯೪೨ರಲ್ಲಿ ಕಲ್ಕತ್ತೆಯಲ್ಲಿ ರಕ್ತದ ಭಂಡಾರ ಏರ್ಪಟ್ಟಿತು. ಹತ್ತು ವರ್ಷದ ಮೇಲೆ, ೧೯೫೨ರಲ್ಲಿ, ಮುಂಬಯಿಯಿಂದ ಭೆಂಡೆ, ದೇಶಪಾಂಡೆ, ಭಾಟಿಯಾ ಮೊದಲಾದವರು ಲೋಕವನ್ನೇ ಬೆರಗುಗೊಳಿಸಿದ ಸಂಗತಿಯೊಂದನ್ನು ಪ್ರಕಟಿಸಿದರು. ಕೆಲವರ ರಕ್ತ ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಆದರೆ ಅವರ ಸೀರಂ ಎಲ್ಲರ ಕಣಗಳನ್ನೂ, ಓ ಗುಂಪಿನವರ ಕಣಗಳನ್ನೂ ಕೂಡ, ಮುದ್ದೆಗಟ್ಟಿಸುತ್ತದೆ. ಎ, ಬಿ ಗುರುತುಗಳನ್ನು ಕಟ್ಟಲು ತಳಹದಿಯಾಗಿ ಎಚ್ ಎಂಬ ವಸ್ತು ಎಲ್ಲರಲ್ಲಿಯೂ ಇರುತ್ತದೆ. ಇವರಲ್ಲಿ ಆ ತಳಹದಿಯೇ ಇಲ್ಲ. ಬಾಂಬೆ ಗುಂಪೆಂದು ಅದಕ್ಕೆ ಹೆಸರಾಯಿತು. ಯೂರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರೆಂದು ಎಣಿಸುವ ಈ ಗುಂಪಿನವರು ನಮ್ಮಲ್ಲಿ ಹತ್ತು ಸಾವಿರಕ್ಕೆ ಒಬ್ಬರ ಸುಮಾರಿಗೆ ಇದ್ದಾರೆ. ಇಂಥವನ ಚೀಟಿಯಲ್ಲಿ ಓ ಎಂದು ಬರೆದಿರುವುದನ್ನೇ ನಂಬಿ ಓ ರಕ್ತವನ್ನು ಕೊಟ್ಟರೆ ಮೊರುವಾನ ಗತಿಯೇ. ಗುಂಪು ಒಂದೇ ಆದ ಮೇಲೆ ಮತ್ತೇಕೆ ಹನಿ ಕಲಸಿ ನೋಡಬೇಕು, ಹೊತ್ತು ಕಳೆಯುವುದೇಕೆ ಎಂದು ರೋಗಿಯ ಕಡೆಯವರು ಬಾಗಿಲಲ್ಲಿ ನಿಂತು ಕೇಳುವುದುಂಟು. ಅವರ ಆತಂಕ ಸಹಜವಾದದ್ದೇ; ಉತ್ತರ ಮಾತ್ರ ಇಲ್ಲಿದೆ.

ಈ ಗುಂಪಿನ ವಿಷಯದಲ್ಲಿ ನಾವು ಮೊದಲು ಹೇಳಿದ ಮಾತು ತಿರುಗುಮುರುಗಾಗುತ್ತದೆ. ತಂದೆತಾಯಿ ಇಬ್ಬರಿಂದಲೂ ಆ ಕೊರತೆ ಬಂದರೆ ಮಾತ್ರ ಮಗುವಿನಲ್ಲಿ ಅದು ತಲೆದೋರುವುದು. ಆದುದರಿಂದ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆಯ ವಾಡಿಕೆ ಇಂಥ ಸಂಭವವನ್ನು ಹೆಚ್ಚಿಸತಕ್ಕದ್ದು. ಆದರೆ ರೋಗಿಗೆ ರಕ್ತ ಬೇಕಾದಾಗ ಮೊದಲು ಹುಡುಕಬೇಕಾದವರೂ ಅವನ ಒಡಹುಟ್ಟಿದವರೇ. ತಂದೆತಾಯಿಗಳಲ್ಲಿ ಆ ಕೊರತೆ ಅಡಗಿದ್ದರೆ, ಅವರ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಅದು ಇರಬಹುದೆಂಬುದು ಲೆಕ್ಕ. ಊರಿಗೆಲ್ಲ ಸಲ್ಲುವ ರಕ್ತ ಅಲ್ಲಿ ಸಲ್ಲದು. ಬೆನ್ನಿಗೆ ಬಿದ್ದ ತಂಗಿಯದು ಸಲ್ಲಬಹುದು.

ಈಗ ನಳಿಕೆಯ ಬದಲು ೧೯೮೦ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಲ್ಯಾಪಿಯೆರ್ ರೂಪಿಸಿದ ಜೆಲ್ ಎಂಬ ಅಂಟಿನ ಸಣ್ಣ ಕೊಳವೆಗಳನ್ನು ಬಹುಕಡೆ ಬಳಸುತ್ತಾರೆ. ಮುದ್ದೆಗಟ್ಟಿದ ಕಣಗಳು ಮೇಲೆಯೇ ಸಿಕ್ಕಿಬೀಳುತ್ತವೆ, ಬಿಡಿ ಕಣಗಳು ತಳಕ್ಕೆ ಇಳಿಯುತ್ತವೆ. ಕೆಲವು ದೇಶಗಳಲ್ಲಿ, ರೋಗಿಯ ಸೀರಮ್ಮಿನಲ್ಲಿ ಅನಿರೀಕ್ಷಿತ ವೈರಿಗಳಿಲ್ಲವೆಂದು ಖಚಿತವಾದರೆ, ಕೊನೆಯ ಹೊಂದಾಣಿಕೆಯನ್ನು ಕಂಪ್ಯೂಟರೇ ದಾಖಲೆ ನೋಡಿ ಹೇಳುತ್ತದೆ. ಇಷ್ಟಾದರೂ ಗುಂಪು ತಪ್ಪಿದ ರಕ್ತ ಕೊಟ್ಟ ಪ್ರಸಂಗಗಳು ನಿಂತಿಲ್ಲ. ಅವುಗಳ ವಿಚಾರಣೆ ನಡೆದ ಕಡೆಗಳಲ್ಲೆಲ್ಲ ಹೆಚ್ಚಿನವುಗಳ ಕಾರಣ ಒಂದೇ: ಪಕ್ಕದ ಮಂಚದವನ ರಕ್ತವನ್ನು ಇವನ ಹೆಸರಿನ ನಳಿಕೆಗೆ ತುಂಬಿದುದು, ಅಥವಾ ಇವನ ಚೀಲವನ್ನು ಅವನ ಕಂಬಕ್ಕೆ ತೂಗುಹಾಕಿದುದು. ಪ್ರಯೋಗಶಾಲೆಯ ಸಾಲಾವಳಿ ಸರಿಯಾಗಿಯೇ ಇತ್ತು, ವರ ಬದಲಾಗಿದ್ದನು.

ಆದುದರಿಂದ ದಾದಿಯು ರೋಗಿಯ ಬಳಿಗೆ ಬಂದಾಗ, ‘ನೀವು ರಾಮಯ್ಯನವರೇ?’ ಎಂದು ಕೇಳಬಾರದೆಂದು ಅವಳಿಗೆ ಕಲಿಸಿರುತ್ತಾರೆ. ಜ್ವರದ ಮಂಪರಿನಲ್ಲಿರುವವನು ಯಾವ ಹೆಸರಿಗಾದರೂ ತಲೆಯಾಡಿಸುವನು. ‘ನಿಮ್ಮ ಹೆಸರು ಹೇಳಿ’ ಎನ್ನಬೇಕು; ಅವನು ಹೇಳಿದುದನ್ನು ಅವನ ಕೈಪಟ್ಟಿಯೊಡನೆಯೂ ಚೀಲದ ಚೀಟಿಯೊಡನೆಯೂ ಇನ್ನೊಬ್ಬರ ಎದುರಿನಲ್ಲಿ ಓದಿ ತಾಳೆನೋಡಬೇಕು. ಆಮೇಲೆ ರಕ್ತವನ್ನು ಮೆಲ್ಲಮೆಲ್ಲನೆ, ಹನಿಹನಿಯಾಗಿ ಬಿಡುತ್ತಾರೆ. ಮೊದಲ ಹದಿನೈದು ನಿಮಿಷ ಹತ್ತಿರದಲ್ಲಿಯೇ ನಿಂತು, ಚಳಿ ಬಂದಿತೇ, ಸೊಂಟ ನೋಯುವುದೇ, ನಾಡಿ ಏರಿತೇ ಎಂದು ನೋಡುತ್ತಿರುತ್ತಾರೆ.